ಮೂರನೇ ಟ್ಯಾಂಕು

ನಮ್ಮ ಮಾವ ಹದಿನೈದು ವರ್ಷ ಕೆಂಪು ವೈನ್ ಮಾಡಿದರು. ಅದರ ರುಚಿ ಹೇಗಿರುತ್ತದೆ ಎಂದು ಮಾತ್ರ ಅವರಿಗೆ ಗೊತ್ತಿರಲಿಲ್ಲ. ಹೀಗೆಂದರೆ ಕೇಳಿದವರೆಲ್ಲ ನಗುತ್ತಾರೆ. ನನ್ನನ್ನು ನೋಡಲು ಇವರು ಅಜ್ಜಂಪುರಕ್ಕೆ ಬಂದಾಗ ನಮ್ಮಪ್ಪನೂ ನಕ್ಕಿದ್ದರು. ದಿನಸಿ ಅಂಗಡಿಯ ಮನುಷ್ಯ, ಬೆಲ್ಲವನ್ನು ಬಾಯಿಗೆ ಹಾಕಿಕೊಳ್ಳದೆ ಬೆಲೆ ಹೇಳಿದವರಲ್ಲ. "ಅಲ್ರೀ, ಉಪ್ಪು ನೋಡ್ದೆ ಅಡುಗೆ ಮಾಡ್ದಂಗಾಯ್ತಲ್ರೀ ಇದು" ಎಂದರು. ಮಾವ ಕಾಫಿ ಲೋಟ ಕೆಳಗಿಟ್ಟು, "ದೇವ್ರ ಎಡೆಗೆ ಅಡುಗೆ ಮಾಡೋರು ಉಪ್ಪು ನೋಡ್ತಾರಾ ಬೀಗ್ರೇ?" ಎಂದು ಕೇಳಿದರು. ಬಾಗಿಲ ಹಿಂದೆ ನಿಂತಿದ್ದ ನನಗೆ ಹುಡುಗನಿಗಿಂತ ಮೊದಲು ಹುಡುಗನ ಅಪ್ಪನೇ ಹಿಡಿಸಿಬಿಟ್ಟರು.

ಕಡೂರಿನಿಂದ ಯಗಟಿ ಕಡೆಗೆ ಹೋಗುವಾಗ ಸಿಗುವ ಒಣನೆಲ ನಮ್ಮದು. ಸುತ್ತ ರಾಗಿ, ತೆಂಗು, ಕುರಿ ಮಂದೆ. ಅದರ ನಡುವೆ ಮಾವ ಕಂಬ ನೆಟ್ಟು, ತಂತಿ ಎಳೆದು, ಹನಿ ನೀರು ಬಿಟ್ಟು ದ್ರಾಕ್ಷಿ ಹಬ್ಬಿಸಿದ್ದರು. ಮೊದಲೆಲ್ಲ ತಿನ್ನುವ ಹಣ್ಣನ್ನೇ ಮಾರುತ್ತಿದ್ದರಂತೆ. ಒಂದು ವರ್ಷ ಕೊಯ್ಲಿನ ಹೊತ್ತಿಗೆ ಮಳೆ ಹೊಡೆದು ಗೊಂಚಲೆಲ್ಲ ಬಿರಿದು, ಲಾರಿಯವರು ಮುಟ್ಟದೆ ಹೋದರು. ಬಿರಿದ ಹಣ್ಣಿನಿಂದ ವೈನ್ ಆಗುತ್ತದೆಂದು ಯಾರೋ ಹೇಳಿದರು. ಮಾವ ಯೋಚಿಸಿ, ಓಡಾಡಿ, ಎರಡು ವರ್ಷ ಬೇರೆಯವರ ಹತ್ತಿರ ನಿಂತು ಕಲಿತು, ಅನುಮತಿ ಪತ್ರಗಳನ್ನೆಲ್ಲ ತಂದು ತೋಟದ ಮೂಲೆಯಲ್ಲಿ ಶೆಡ್ಡು ಕಟ್ಟಿಸಿದರು.

ನಾವು ಲಿಂಗ ಕಟ್ಟಿಕೊಂಡವರು. ಮನೆಯಲ್ಲಿ ಎಲ್ಲರಿಗೂ ಕೊರಳಲ್ಲಿ ಲಿಂಗವಿದೆ. ಬೆಳಿಗ್ಗೆ ಸ್ನಾನ ಮಾಡಿ ಅದನ್ನು ಎಡಗೈಯಲ್ಲಿಟ್ಟು ಪೂಜೆ ಮಾಡದೆ ತುತ್ತು ಎತ್ತುವಂತಿಲ್ಲ. ಹೆಂಡ ಸಾರಾಯಿಯ ಹೆಸರು ಎತ್ತಿದರೂ ಬಾಯಿ ತೊಳೆದುಕೊಳ್ಳುವ ಕುಲ. ಅಂಥವರು ವೈನ್ ಮಾಡುತ್ತಾರೆಂದರೆ ಜನ ಬಿಟ್ಟಾರೆಯೇ? ಈಚಲ ಮರದ ಕೆಳಗೆ ಕೂತು ಮಜ್ಜಿಗೆ ಕುಡಿದರೂ ಮಾತು ಹುಟ್ಟುತ್ತದೆ, ಇವರು ಮರವನ್ನೇ ನೆಟ್ಟಿದ್ದರು. ನೆಂಟರು ಮದುವೆಗೆ ಕರೆಯುವುದನ್ನು ಬಿಟ್ಟರು. ಮಾವ ಮಠಕ್ಕೆ ಹೋಗಿ ಹಿರಿಯ ಸ್ವಾಮಿಗಳ ಮುಂದೆ ಕೂತರಂತೆ. ಅವರು "ಬೆಳೆದ ಹಣ್ಣನ್ನ ತಿಪ್ಪೆಗೆ ಹಾಕು ಅಂತ ನಾನು ಹೇಳಲ್ಲ. ಮಾಡು. ಆದ್ರೆ ನಿನ್ನ ಮನೆಯೋರ ನಾಲಿಗೆಗೆ ಅದು ಮುಟ್ಟಬಾರ್ದು" ಎಂದರಂತೆ. ಮಾವ ಲಿಂಗ ಮುಟ್ಟಿ ಮಾತು ಕೊಟ್ಟು ಬಂದರು. ಆಮೇಲೆ ಜನರ ಬಾಯಿ ತಾನಾಗಿ ಮುಚ್ಚಿತು.

ನಾಲಿಗೆ ಇಲ್ಲದ ಕೆಲಸವನ್ನೆಲ್ಲ ಮಾವ ಮೂಗಿನಿಂದ ಮಾಡುತ್ತಿದ್ದರು. ಟ್ಯಾಂಕಿನಿಂದ ಎರಡು ಹನಿ ಅಂಗೈಗೆ ಬಿಟ್ಟುಕೊಂಡು, ಇನ್ನೊಂದು ಕೈಯಿಂದ ಉಜ್ಜಿ, ಕಣ್ಣು ಮುಚ್ಚಿ ಮೂಸುವರು. "ಇನ್ನೂ ಹಸಿ", "ಬಲೀತಾ ಐತೆ", "ನೇರಳೆ ಹಣ್ಣು ಬಂತು ನೋಡು ಈಗ" ಎನ್ನುವರು. ವರ್ಷಕ್ಕೊಮ್ಮೆ ಬೆಂಗಳೂರಿನಿಂದ ಒಬ್ಬರು ಬರುತ್ತಿದ್ದರು. ರುಚಿ ನೋಡಿ ಹೇಳುವುದೇ ಅವರ ಕಸುಬು. ಅವರು ಬರುವ ಮೊದಲು ಮಾವ ಒಂದು ಚೀಟಿಯಲ್ಲಿ ಯಾವ ಟ್ಯಾಂಕು ಹೇಗಿದೆ ಎಂದು ಬರೆದು ನನ್ನ ಕೈಗೆ ಕೊಡುತ್ತಿದ್ದರು. ಅವರು ಬಾಯಿಗೆ ಹಾಕಿ, ಗುಳುಗುಳಿಸಿ, ಉಗುಳಿ ಹೇಳಿದ್ದಕ್ಕೂ ಚೀಟಿಯಲ್ಲಿದ್ದದ್ದಕ್ಕೂ ಕೂದಲಿನಷ್ಟೂ ವ್ಯತ್ಯಾಸ ಇರುತ್ತಿರಲಿಲ್ಲ. ಆ ಸಂಜೆ ಮಾವ ಮೀಸೆ ಇಲ್ಲದ ತುಟಿಯ ಮೇಲೆ ಬೆರಳಾಡಿಸುತ್ತ ಓಡಾಡುವುದನ್ನು ನೋಡಬೇಕು.

ಕೆಲಸದವರಿಗೂ ಅದೇ ಕಟ್ಟಳೆ. ಶೆಡ್ಡಿನಲ್ಲಿ ಇಬ್ಬರು ದುಡಿಯುತ್ತಿದ್ದರು. ಹೆಚ್ಚು ಕಾಲ ಇದ್ದವನು ಪಕ್ಕದ ಹಟ್ಟಿಯವನು, ನನ್ನ ಗಂಡನಿಗಿಂತ ಹತ್ತು ವರ್ಷ ದೊಡ್ಡವನು. ಸಂಜೆ ಮನೆಗೆ ಹೊರಡುವ ಮೊದಲು ಇಬ್ಬರೂ ಮಾವನ ಮುಂದೆ ನಿಂತು "ಹಾ" ಎಂದು ಉಸಿರು ಬಿಡಬೇಕು. ಒಂದು ಗುಟುಕು ಏರಿಸಿದ್ದರೂ ಅಲ್ಲೇ ಸಿಕ್ಕಿಬೀಳುತ್ತಿದ್ದರು. ಕುಡಿದವನಿಗೆ ಮಾರನೇ ದಿನದಿಂದ ಕೆಲಸವಿಲ್ಲ. ಹಾಗೆ ಮೂರು ಜನ ಹೋಗಿದ್ದರು. ಈತ ಮಾತ್ರ ಹಟ್ಟಿಗೆ ಹೋದ ಮೇಲೆ ಬೇಕಾದಷ್ಟು ಕುಡಿದರೂ ಶೆಡ್ಡಿನೊಳಗೆ ಭಕ್ತ.

ಮದುವೆಯಾಗಿ ಬಂದ ಮೊದಲ ವರ್ಷ ನಾನು ಶೆಡ್ಡಿಗೆ ಊಟ ತೆಗೆದುಕೊಂಡು ಹೋಗುವವಳು, ಅಷ್ಟೆ. ಅತ್ತೆ ನಾನು ಬರುವ ಮೊದಲೇ ತೀರಿಕೊಂಡಿದ್ದರು. ಗಂಡನಿಗೆ ಬಾಟಲಿ ಮಾರುವ ಓಡಾಟ. ಸುಮ್ಮನೆ ಕೂರುವ ಜಾತಿ ನನ್ನದಲ್ಲ. ಒಂದು ದಿನ ಮಾವನ ಪಕ್ಕ ನಿಂತು ನನ್ನ ಅಂಗೈ ಚಾಚಿದೆ. ಅವರು ಎರಡು ಹನಿ ಬಿಟ್ಟರು. ಅಲ್ಲಿಂದ ಏಳು ವರ್ಷ ಅವರ ಜೊತೆಗಿದ್ದೆ. ಹಿಂಡಿದ ಹಣ್ಣು ಸಿಪ್ಪೆಯ ಸಮೇತ ಹುದುಗಿ ಉಕ್ಕುವಾಗ ಸಿಪ್ಪೆಯೆಲ್ಲ ಮೇಲೆ ತೇಲಿ ದಪ್ಪ ಹೊದಿಕೆಯಾಗುತ್ತದೆ. ದಿನಕ್ಕೆ ಮೂರು ಸಲ ಅದನ್ನು ಕೋಲಿನಿಂದ ಒಳಕ್ಕೆ ಅದುಮಬೇಕು. ಕೆಂಪು ಬಣ್ಣವೆಲ್ಲ ಇರುವುದು ಆ ಸಿಪ್ಪೆಯಲ್ಲೇ. ಕೊಯ್ಲು ಮುಗಿಯುವ ಹೊತ್ತಿಗೆ ನನ್ನ ಉಗುರು, ಮೊಣಕೈ ಎಲ್ಲ ಕೆನ್ನೀಲಿ. ಒಂದು ವರ್ಷ ಹಿಂಡಿ ಬಿಸಾಡಿದ ಸಿಪ್ಪೆಯನ್ನು ಯಾರದೋ ಕುರಿಮಂದೆ ತಿಂದು, ನಡುರಸ್ತೆಯಲ್ಲಿ ಕಾಲು ಮಡಚಿ ಮಲಗಿ, ಯಗಟಿ ಬಸ್ಸು ಅರ್ಧ ಗಂಟೆ ನಿಂತಿತ್ತು. ಮಾವ ಪಂಚೆ ಎತ್ತಿ ಕಟ್ಟಿಕೊಂಡು ಕುರಿಗಳ ಮುಖ ಮೂಸಿ, "ಪೂರ್ತಿ ಏರೈತೆ ಕಣಮ್ಮ ಇವಕ್ಕೆ" ಎಂದು ನನಗೆ ವರದಿ ಕೊಟ್ಟರು. ನಗುನಗುತ್ತ ದುಡಿದ ದಿನಗಳು ಅವು.

ಆಮೇಲೆ ಜಗತ್ತಿಗೆಲ್ಲ ಬಂದ ಆ ಜ್ವರ ಬಂತು.

ಆ ವರ್ಷದ ಹಣ್ಣು ಹಿಂಡಿ ಆಗಿತ್ತು. ಐದು ಟ್ಯಾಂಕುಗಳಲ್ಲಿ ವೈನ್ ಮಾಗಲು ಕೂತಿತ್ತು. ಮೊದಲು ಗಂಡನಿಗೆ, ಆಮೇಲೆ ನನಗೆ, ಕೊನೆಗೆ ಮಾವನಿಗೆ. ಮೂರು ವಾರ ಶೆಡ್ಡಿನ ಬಾಗಿಲು ತೆಗೆದವರಿಲ್ಲ. ಮಾಗುವ ಟ್ಯಾಂಕು ಬಾಯಿಯವರೆಗೆ ತುಂಬಿರಬೇಕು, ಮುಚ್ಚಳ ಬಿಗಿಯಾಗಿರಬೇಕು. ಒಳಗೆ ಗಾಳಿ ಸೇರಿದರೆ ಹುಳಿ ಹಿಡಿಯುತ್ತದೆ. ಅದು ಗೊತ್ತಿದ್ದೂ ಯಾರಿಗೂ ಏಳುವ ಶಕ್ತಿ ಇರಲಿಲ್ಲ. ನಮ್ಮ ಬೀದಿಯಲ್ಲೇ ನಾಲ್ಕು ಮನೆಯಲ್ಲಿ ಸಾವಾಗಿತ್ತು. ನಾವು ಮೂವರೂ ಉಳಿದದ್ದೇ ಪುಣ್ಯ ಎಂದುಕೊಂಡೆವು. ನನಗೂ ಗಂಡನಿಗೂ ಒಂದೆರಡು ವಾರ ಮೂಗು ಕಟ್ಟಿದಂತಿದ್ದು ಸರಿಹೋಯಿತು. ಮಾವ ತಮ್ಮ ಮೂಗಿನ ಸುದ್ದಿ ಎತ್ತಲೇ ಇಲ್ಲ.

ಕೆಲಸ ಮತ್ತೆ ಶುರುವಾದ ಕೆಲವು ದಿನಗಳಿಗೆ, ಒಂದು ಸಂಜೆ ಆ ಹಟ್ಟಿಯವನು ಎಂದಿನಂತೆ ಮಾವನ ಮುಂದೆ ನಿಂತು "ಹಾ" ಎಂದ. ನಾನು ನಾಲ್ಕು ಮಾರು ದೂರದಲ್ಲಿ ಪೈಪು ಸುತ್ತುತ್ತಿದ್ದೆ. ಮೂರು ವಾರ ಹಟ್ಟಿಯಲ್ಲಿ ಹಗಲೂ ಕುಡಿದ ಚಾಳಿಯೋ ಏನೋ, ಅಲ್ಲಿಗೇ ವೈನಿನ ವಾಸನೆ ಗಬ್ಬೆಂದು ಬಡಿಯಿತು. ಮಾವ, "ಸರಿ, ಹೋಗ್ಬಾ" ಎಂದರು.

ಆತ ನನ್ನ ಕಡೆ ನೋಡಿದ. ನಾನು ತಲೆ ತಗ್ಗಿಸಿ ಪೈಪು ಸುತ್ತುತ್ತಲೇ ಇದ್ದೆ. ಅವನು ಹೋದ ಮೇಲೆ ಮಾವ ಸ್ಟೂಲಿನ ಮೇಲೆ ಕೂತು, "ಕುಡಿದಿದ್ನಾ?" ಎಂದು ಕೇಳಿದರು.

"ಹೂಂ ಮಾವ."

"ನಂಗೆ ಏನೂ ಬರ್ತಿಲ್ಲ ಕಣಮ್ಮ. ವಿಭೂತಿ ವಾಸ್ನೆನೂ ಇಲ್ಲ, ಕಾಫಿ ವಾಸ್ನೆನೂ ಇಲ್ಲ. ಡಾಕ್ಟ್ರು ವಾಪಸ್ ಬತ್ತದೆ ಅಂದವ್ರೆ. ಬರೋವರ್ಗೂ ಯಾರಿಗೂ ಹೇಳ್ಬೇಡ. ನನ್ ಮಗಂಗೂ ಹೇಳ್ಬೇಡ."

ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಆ ಮನುಷ್ಯನ ಮರ್ಯಾದೆಯೆಲ್ಲ ಇದ್ದದ್ದು ಆ ಮೂಗಿನಲ್ಲಿ. ಐದು ಟ್ಯಾಂಕು ಕೆಟ್ಟರೆ ನಮ್ಮ ಮನೆ ಮುಳುಗುತ್ತಿರಲಿಲ್ಲ, ತೆಂಗು ಇತ್ತು, ರಾಗಿ ಇತ್ತು. ಮಾವ ಮುಳುಗುತ್ತಿದ್ದರು. ಅವರನ್ನು ಉಳಿಸಿಕೊಳ್ಳಬೇಕು ಎನ್ನುವುದೊಂದೇ ನನ್ನ ತಲೆಯಲ್ಲಿದ್ದದ್ದು. ಅವರ ಮೂಗು ಬರುವವರೆಗೆ ನನ್ನ ಮೂಗು ಇದೆಯಲ್ಲ ಎಂದುಕೊಂಡೆ. ಏಳು ವರ್ಷ ಕಲಿತಿದ್ದೇನೆ ಎಂಬ ಜಂಬವೂ ಇತ್ತು.

ಮಾರನೇ ಬೆಳಿಗ್ಗೆಯಿಂದ ಇಬ್ಬರೂ ಅಂಗೈ ಉಜ್ಜಿ ಮೂಸುವುದು, ನಾನು ಮೆಲ್ಲಗೆ ಹೇಳುವುದು, ಅವರು ಅದನ್ನೇ ಗಟ್ಟಿಯಾಗಿ ಹೇಳುವುದು. ನಾಟಕ ಚೆನ್ನಾಗಿಯೇ ನಡೆಯಿತು. ಮೂರನೇ ಟ್ಯಾಂಕಿನ ಹತ್ತಿರ ಬಂದಾಗ ನನ್ನ ಮೂಗಿಗೆ ಮುಳ್ಳು ಚುಚ್ಚಿದಂತಾಯಿತು. ಮುಚ್ಚಳ ಒಂದು ಕಡೆ ಸಡಿಲಿತ್ತು, ಒಳಗೆ ಒಂದು ಗೇಣು ಖಾಲಿ ಬಿದ್ದಿತ್ತು. "ಮಾವ, ಇದ್ರಲ್ಲಿ ಸ್ವಲ್ಪ ಹುಳಿ ಬಂದಂಗೈತೆ" ಎಂದೆ. ಅವರು ಇನ್ನೊಮ್ಮೆ ಮೂಸಿದರು. ಮೂಸಿ ಏನಾಗಬೇಕಿತ್ತು? ಆದರೂ ಹಳೆಯ ಗತ್ತಿನಲ್ಲೇ, "ಅದು ಆ ತಾಕಿನ ಹಣ್ಣಿನ ಗುಣ. ಹೋಗ್ತದೆ" ಎಂದರು. ಏಳು ವರ್ಷದಲ್ಲಿ ಒಂದು ಸಲವೂ ತಪ್ಪದ ಮನುಷ್ಯ. ನನ್ನ ಮೂಗೇ ಇನ್ನೂ ಪೂರ್ತಿ ಸರಿಹೋಗಿಲ್ಲವೇನೋ ಎಂದು ನನಗೆ ಅನುಮಾನ ಬಂತು.

ಆ ಅನುಮಾನ ಹೋಗಲಾಡಿಸಿದವನು ಹಟ್ಟಿಯವನು. ಈಗ ಅವನಿಗೆ ಹೇಳುವವರಿಲ್ಲ ಕೇಳುವವರಿಲ್ಲ, ದಿನವೂ ಏರಿಸುತ್ತಿದ್ದ. ನಾನು ನೋಡಿಯೂ ನೋಡದಂತಿದ್ದೆ. ಗದರಿದರೆ ಮಾವನ ಗುಟ್ಟು ಹೊರಬೀಳುತ್ತದೆಂಬ ಭಯ. ಒಂದು ದಿನ ಅವನಾಗಿಯೇ ಹತ್ತಿರ ಬಂದು, "ಅಕ್ಕಾ, ಮೂರ್ನೇದು ಹೋಯ್ತು ಕಣಕ್ಕಾ. ಬಾಯಿಗಿಟ್ರೆ ಹಲ್ಲು ಚುಳ್ ಅಂತದೆ" ಎಂದ.

"ಯಜಮಾನ್ರಿಗೆ ಹೇಳು ಹಂಗಾದ್ರೆ."

"ಹೆಂಗ್ ಹೇಳ್ಲಿ? ಹೆಂಗ್ ಗೊತ್ತಾಯ್ತು ಅಂತ ಕೇಳಲ್ವಾ? ಕುಡಿದೆ ಅಂತ ನಾನೇ ಒಪ್ಕಂಡಂಗಾಗ್ತದೆ. ನೀನು ಹೇಳಕ್ಕಾ, ನಿನ್ನ ಮಾತು ಕೇಳ್ತರೆ."

ನಾನು ಹೇಳಿ ನೋಡಿದ್ದಾಗಿತ್ತು. ಅದನ್ನು ಅವನಿಗೆ ಹೇಳುವಂತಿರಲಿಲ್ಲ. ಬೆಂಗಳೂರಿನವರಿಗೆ ಫೋನು ಮಾಡಿದರೆ, ಅವರ ಮನೆಯಲ್ಲೂ ಕಾಯಿಲೆ, ಎರಡು ತಿಂಗಳು ಬರುವುದಕ್ಕಾಗುವುದಿಲ್ಲ ಎಂದರು. ಅಷ್ಟರಲ್ಲಿ ಮಾವ ಐದೂ ಟ್ಯಾಂಕುಗಳನ್ನು ಬೆರೆಸುವ ದಿನ ಗೊತ್ತುಮಾಡಿಬಿಟ್ಟಿದ್ದರು. ಪ್ರತಿ ವರ್ಷವೂ ಹಾಗೇ. ಐದರದ್ದೂ ಒಂದೇ ದೊಡ್ಡ ಟ್ಯಾಂಕಿಗೆ ಹೋಗಿ ನಮ್ಮ ವೈನ್ ಆಗುತ್ತದೆ. ಒಂದು ಸಲ ಬೆರೆತರೆ ಮತ್ತೆ ಬೇರೆ ಮಾಡುವಂತಿಲ್ಲ.

ಬೆರೆಸುವುದಕ್ಕೆ ನಾಲ್ಕು ದಿನ ಇರುವಾಗ ಮಾವನೂ ಗಂಡನೂ ತರೀಕೆರೆಯಲ್ಲಿ ಒಂದು ಸಾವಿನ ಮನೆಗೆ ಹೋದರು. ಮಧ್ಯಾಹ್ನ ಊಟ ಮುಗಿಸಿ, ಪಾತ್ರೆ ತೊಳೆದಿಟ್ಟು ಶೆಡ್ಡಿಗೆ ಹೋದೆ. ಮೂರನೇ ಟ್ಯಾಂಕಿನ ನಲ್ಲಿಯಿಂದ ಒಂದು ಗುಟುಕಿನಷ್ಟು ಲೋಟಕ್ಕೆ ಬಿಟ್ಟುಕೊಂಡೆ. ಸೆರಗಿನೊಳಗಿನ ಲಿಂಗವನ್ನು ಎಡಗೈಯಲ್ಲಿ ಮುಚ್ಚಿ ಹಿಡಿದೆ. ಅದರ ಕಣ್ಣು ಮುಚ್ಚುತ್ತೇನೆ ಎಂದುಕೊಂಡಿದ್ದೆನೋ ಏನೋ, ಎಂಥ ಹುಚ್ಚು! ಕುಡಿದೆ. ಹಟ್ಟಿಯವನು ಹೇಳಿದ್ದು ಸುಳ್ಳಲ್ಲ. ಹಲ್ಲಿನ ಬೇರಿನವರೆಗೆ ಹುಳಿ. ಹೋಲಿಸಿ ನೋಡಲು ಒಂದನೇ ಟ್ಯಾಂಕಿನದೂ ಒಂದು ಗುಟುಕು ಕುಡಿದೆ. ಒಗರಾಗಿ, ಮೆತ್ತಗೆ, ಕೊನೆಯಲ್ಲಿ ನಿಜವಾಗಿಯೂ ನೇರಳೆ ಹಣ್ಣು. ಮಾವ ಇಷ್ಟು ವರ್ಷ ಹೇಳುತ್ತಿದ್ದದ್ದು ಇದನ್ನೇ ಎಂದು ಗೊತ್ತಾಗಿ ಅಲ್ಲೇ ಕೂತು ಅತ್ತೆ.

ಆ ರಾತ್ರಿ ಅಡುಗೆ ಮಾಡಿ ಬಡಿಸಿದವಳೂ ನಾನೇ. ಮಾರನೇ ಬೆಳಿಗ್ಗೆ ಮಾವನ ಪೂಜೆಗೆ ಪತ್ರೆ, ಹೂವು, ನೀರು ಇಟ್ಟವಳೂ ನಾನೇ. ಕಳ್ಳನ ಮನಸ್ಸು ಹುಳ್ಳುಳ್ಳಗೆ. ಅವರು ನನ್ನ ಕಡೆ ನೋಡಿದರೆ ಸಾಕು, ಬಾಯಿಯ ಬಣ್ಣ ಕಾಣುತ್ತಿದೆಯೇನೋ ಎಂದು ತುಟಿ ಒರೆಸಿಕೊಳ್ಳುತ್ತಿದ್ದೆ. ಟ್ಯಾಂಕು ಕೆಟ್ಟಿದೆ ಎಂದು ಈಗ ನನಗೆ ಖಾತ್ರಿ. ಆದರೆ ಖಾತ್ರಿ ಎಂದರೆ ಕುಡಿದಿದ್ದೇನೆ ಎಂದೇ ಅರ್ಥ. ಮೂಸಿದೆ ಎಂದರೆ ಒಪ್ಪುವವರಲ್ಲ, ಕುಡಿದೆ ಎಂದರೆ ನನ್ನ ಕೈಯ ನೀರೂ ಮುಟ್ಟುವವರಲ್ಲ. ಅತ್ತ ದರಿ ಇತ್ತ ಪುಲಿ. ಒಮ್ಮೆ ಆ ಟ್ಯಾಂಕಿನ ನಲ್ಲಿ ತಿರುಗಿಸಿ ಪೂರ್ತಿ ಮೋರಿಗೆ ಬಿಟ್ಟು, ಕೈ ತಪ್ಪಿತು ಎಂದುಬಿಡೋಣ ಎಂದು ಹೋಗಿ ನಿಂತೂ ಇದ್ದೆ. ಹಾಗೆ ಮಾಡಿದ್ದರೆ ನಾಲ್ಕು ಟ್ಯಾಂಕು ಉಳಿಯುತ್ತಿತ್ತು. ವರ್ಷದ ಬೆಳೆಯನ್ನು ಮೋರಿಗೆ ಬಿಡಲು ಕೈ ಬರಲಿಲ್ಲ. ಅಂಗಡಿಯವನ ಮಗಳು ನಾನು, ಚೆಲ್ಲುವುದನ್ನು ಯಾರೂ ಕಲಿಸಿರಲಿಲ್ಲ.

ಬೆರೆಸುವ ದಿನ ಮಾವ ಬೇಗ ಪೂಜೆ ಮುಗಿಸಿ, ಮೂರು ಬೆರಳ ವಿಭೂತಿ ಹಚ್ಚಿಕೊಂಡು ಬಂದರು. ಗಂಡ ಪಂಪಿನ ಹತ್ತಿರ ನಿಂತಿದ್ದ, ಹಟ್ಟಿಯವನು ಪೈಪು ಹಿಡಿದಿದ್ದ. ಒಂದು, ಎರಡು ಹೋದವು. ಮೂರನೆಯದರ ಮುಂದೆ ಮಾವ ಅಂಗೈ ಉಜ್ಜಿಕೊಂಡು ಬಹಳ ಹೊತ್ತು ಮೂಸಿದರು. ಆಮೇಲೆ, ಎಂದೂ ಮಾಡದಿದ್ದ ಕೆಲಸ ಮಾಡಿದರು. ಎಲ್ಲರ ಎದುರಿಗೆ ನನ್ನ ಕಡೆ ತಿರುಗಿ, "ಏನಮ್ಮಾ, ಹಾಕಾಣ್ವಾ?" ಎಂದು ಕೇಳಿದರು.

ಇಂದಿಗೂ ಆ ದನಿ ನನ್ನ ಕಿವಿಯಲ್ಲಿದೆ. ಅವರಿಗೂ ಅನುಮಾನ ಬಂದಿತ್ತು. ತನ್ನ ಗುಟ್ಟು ಹೋದರೂ ಹೋಗಲಿ, ನೀನೇ ಹೇಳು ಎಂದು ಬಾಗಿಲು ತೆಗೆದು ನಿಂತಿದ್ದರು. ನನಗೆ ಅದು ಹೊಳೆದದ್ದು ಆಮೇಲೆ. ಆ ಕ್ಷಣ ಕಂಡದ್ದು ಇಷ್ಟೇ: ಮಗ ನೋಡುತ್ತಿದ್ದಾನೆ, ಆಳು ನೋಡುತ್ತಿದ್ದಾನೆ, ನಾನು ಬೇಡ ಎಂದರೆ ಮಾವನ ಮೂಗು ಹೋದದ್ದು ಎಲ್ಲರಿಗೂ ಗೊತ್ತಾಗುತ್ತದೆ. ಹೇಗೆ ಗೊತ್ತಾಯಿತಮ್ಮಾ ಎಂದು ಕೇಳಿದರೆ ನನ್ನದೂ ಗೊತ್ತಾಗುತ್ತದೆ. ಎರಡರಲ್ಲಿ ಯಾವುದಕ್ಕೆ ಹೆಚ್ಚು ಹೆದರಿದೆ ಎಂದು ನನ್ನನ್ನು ನಾನು ಸಾವಿರ ಸಲ ಕೇಳಿಕೊಂಡಿದ್ದೇನೆ. ಎರಡನೆಯದಕ್ಕೇ ಇರಬೇಕು.

"ಚೆನ್ನಾಗೈತೆ ಮಾವ" ಎಂದೆ.

ಹಟ್ಟಿಯವನು ನನ್ನ ಮುಖವನ್ನೇ ನೋಡಿದ. ಗಂಡ ಪಂಪು ಹಾಕಿದ.

ಎರಡು ತಿಂಗಳ ಮೇಲೆ ಬೆಂಗಳೂರಿನವರು ಬಂದರು. ಮಾವ ಆ ವರ್ಷ ನನ್ನ ಕೈಗೆ ಚೀಟಿ ಕೊಡಲಿಲ್ಲ. ಅವರು ದೊಡ್ಡ ಟ್ಯಾಂಕಿನಿಂದ ಗಾಜಿನ ಲೋಟಕ್ಕೆ ಬಿಟ್ಟುಕೊಂಡು, ಬಾಯಿಗೆ ಹಾಕಿ, ತಕ್ಷಣ ಉಗುಳಿದರು. ನೀರು ತರಿಸಿ ಬಾಯಿ ಮುಕ್ಕಳಿಸಿದರು. ಇನ್ನೊಮ್ಮೆ ನೋಡಿದರು. ಒಳ್ಳೆಯ ಮನುಷ್ಯ, ಹೇಳುವುದಕ್ಕೆ ಸಂಕಟಪಟ್ಟರು. "ಪೂರ್ತಿ ವಿನೆಗರ್ ಆಗಿಬಿಟ್ಟಿದೆ ಯಜಮಾನ್ರೇ. ನಿಮಗೆ ವಾಸನೆ ಬರಲಿಲ್ವಾ?" ಎಂದರು.

ಮಾವ ಎರಡು ಹೆಜ್ಜೆ ಮುಂದೆ ಬಂದು ಅವರ ಕೈಯಿಂದ ಲೋಟ ತೆಗೆದುಕೊಂಡರು. ಮೂಸಲಿಲ್ಲ. ಗಂಡ "ಅಪ್ಪಾ!" ಎಂದು ಕೂಗುವಷ್ಟರಲ್ಲಿ ಎತ್ತಿ ಕುಡಿದಿದ್ದರು, ಕೆಳಗಿನ ಗಸಿಯ ಸಮೇತ. ಮುಖ ಕಿವುಚಿತು. ನುಂಗಿದರು. ಲೋಟವನ್ನು ನೆಲದ ಮೇಲಿಟ್ಟು, "ನಾಲಿಗೆಗೆ ಗೊತ್ತಾಗ್ತೈತೆ ಕಣಪ್ಪ" ಎಂದು ಮಗನಿಗೆ ಹೇಳಿದರು. "ಮೂಗು ಸತ್ರೂ ನಾಲಿಗೆ ನೆಟ್ಟಗೇ ಇತ್ತು. ಸಾರಿನ ಹುಣಸೆ ಹುಳಿ ದಿನಾ ಗೊತ್ತಾಗ್ತಿತ್ತು ನಂಗೆ. ಒಂದು ತೊಟ್ಟು, ಒಂದೇ ಒಂದು ತೊಟ್ಟು ನೆಕ್ಕಿದ್ರೆ ಸಾಕಿತ್ತು."

ಯಾರೂ ಬೈಯಲಿಲ್ಲ. ಕೆಟ್ಟ ವೈನನ್ನು ಮೋರಿಗೆ ಬಿಟ್ಟೆವು. ನಾಲ್ಕು ದಿನ ಶೆಡ್ಡಿನ ಸುತ್ತ ನೊಣ ಕವಿದಿತ್ತು. ಮುಂದಿನ ವರ್ಷ ನೋಡಿಕೊಂಡರಾಯಿತು ಎಂದು ಗಂಡ ಧೈರ್ಯ ಹೇಳಿದ. ಮಾವನ ಚಿಂತೆ ವೈನಿನದಾಗಿರಲಿಲ್ಲ. ಲಿಂಗ ಮುಟ್ಟಿ ಕೊಟ್ಟ ಮಾತು ಮುರಿದಿತ್ತು. ಯಾರಿಗೆ ಮಾತು ಕೊಟ್ಟಿದ್ದರೋ ಆ ಹಿರಿಯ ಸ್ವಾಮಿಗಳು ಆಗಲೇ ಲಿಂಗೈಕ್ಯರಾಗಿದ್ದರು. ಕ್ಷಮಿಸಿ ಎಂದು ಹೋಗಿ ಕೇಳುವುದಕ್ಕೂ ಅವರಿಲ್ಲ. ಈಗಿನ ಸ್ವಾಮಿಗಳು, ಆದದ್ದು ಆಯಿತು, ಬಂದು ಪಾದೋದಕ ತೆಗೆದುಕೊಂಡು ಹೋಗಲಿ ಎಂದು ಹೇಳಿ ಕಳಿಸಿದರು. ಮಾವ ಹೋಗಲಿಲ್ಲ. "ಯಾವ ಮುಖ ಇಟ್ಕಂಡು ಹೋಗ್ಲಿ?" ಎಂದರು.

ಕೊರಳಿನ ಲಿಂಗವನ್ನು ಅವರು ತೆಗೆಯಲಿಲ್ಲ, ತೆಗೆಯುವಂತೆಯೂ ಇಲ್ಲ. ಕೈಗೆ ಮಾತ್ರ ತೆಗೆದುಕೊಳ್ಳಲಿಲ್ಲ. ಕುಡಿದ ಬಾಯಿಯಿಂದ ಮಂತ್ರ ಹೇಳುವುದಿಲ್ಲ ಎಂದು ಪೂಜೆ ನಿಲ್ಲಿಸಿದರು. ಪೂಜೆಯಿಲ್ಲದೆ ಊಟವಿಲ್ಲ ಎನ್ನುವುದು ನಮ್ಮ ಕಟ್ಟಳೆಯಾದ್ದರಿಂದ ಊಟವನ್ನೂ ಹೆಚ್ಚು ಕಡಿಮೆ ನಿಲ್ಲಿಸಿಬಿಟ್ಟರು. ಜೀವ ಹಿಡಿಯುವುದಕ್ಕೆಂದು ದಿನಕ್ಕೊಂದು ಲೋಟ ರಾಗಿ ಗಂಜಿ. ಅದನ್ನೂ ಜಗುಲಿಯಲ್ಲಿ ಕೂತು, ತಮ್ಮದೇ ಬೇರೆ ಲೋಟದಲ್ಲಿ. ಮಗ ಕಾಲು ಹಿಡಿದ, ಡಾಕ್ಟರು ಬೈದರು, ನಮ್ಮಪ್ಪ ಅಜ್ಜಂಪುರದಿಂದ ಬಂದು ಅರ್ಧ ದಿನ ಎದುರು ಕೂತು ಹೇಳಿದರು. ಹಟ ಎಂದರೆ ಹಟ. ಎಲುಬು ಕಾಣುವಂತಾದರು.

ಒಂದು ಸಲ ಅವರ ಲೋಟ ತೊಳೆಯಲು ಎತ್ತಿಕೊಂಡೆ. "ಮುಟ್ಬೇಡ ಕಣಮ್ಮ" ಎಂದರು. ಸಿಟ್ಟಿರಲಿಲ್ಲ, ಅಕ್ಕರೆಯಿಂದಲೇ ಅಂದದ್ದು. "ನೀನು ಶುದ್ಧವಾಗಿ ಲಿಂಗ ಕಟ್ಟಿರೋಳು. ನನ್ನ ಎಂಜ್ಲು ನಿಂಗ್ಯಾಕೆ? ನಾನೇ ತೊಳ್ಕತೀನಿ."

ಅವರು ಕೋಲೂರಿಕೊಂಡು ಬಚ್ಚಲಿಗೆ ಹೋಗಿ ಲೋಟ ತೊಳೆದರು. ನಾನು ಅಡುಗೆಮನೆಯಲ್ಲಿ ಗೋಡೆಗೊರಗಿ ನಿಂತೆ. ಹೇಳಬೇಕಾಗಿದ್ದದ್ದು ಮೂರೇ ಮಾತು. ನಾನೂ ಕುಡಿದೆ ಮಾವ. ನಿಮಗಿಂತ ಮೊದಲು ಕುಡಿದೆ, ಕುಡಿದ ಕೈಯಲ್ಲೇ ನಿಮ್ಮ ಪೂಜೆಗೆ ನೀರಿಟ್ಟೆ, ನಿಮ್ಮ ಲಿಂಗ ಆಗ ಮುನಿಯಲಿಲ್ಲ, ಈಗ ಯಾಕೆ ಮುನಿಯುತ್ತದೆ? ಇಷ್ಟು ಹೇಳಿದ್ದರೆ ಬೈಯುತ್ತಿದ್ದರು, ಒಂದು ವಾರ ಮುಖ ನೋಡುತ್ತಿರಲಿಲ್ಲ, ಆಮೇಲೆ ಇಬ್ಬರೂ ಒಟ್ಟಿಗೆ ಮಠಕ್ಕೆ ಹೋಗಿ ಬರುತ್ತಿದ್ದೆವೇನೋ. ತಾನೊಬ್ಬನೇ ಕೆಟ್ಟೆ ಎನ್ನುವುದೇ ಅವರನ್ನು ತಿನ್ನುತ್ತಿತ್ತು. ಅದು ನನಗೆ ಚೆನ್ನಾಗಿ ಗೊತ್ತಿತ್ತು. ನಾಳೆ ಹೇಳುತ್ತೇನೆ ಎಂದುಕೊಂಡೆ. ನಾಳೆ ಬಂದಾಗ ಮೂರನೇ ಟ್ಯಾಂಕು ನೆನಪಾಗುತ್ತಿತ್ತು. ಗೊತ್ತಿದ್ದೂ ಯಾಕೆ ಹಾಕಿಸಿದೆ ಎಂದು ಕೇಳಿದರೆ? ಆ ಒಂದು ಪ್ರಶ್ನೆಗೆ ಹೆದರಿ ಐದು ತಿಂಗಳು ಕಳೆದೆ. ಹೇಡಿ ನಾನು. ಇದಕ್ಕೆ ಬೇರೆ ಹೆಸರಿಲ್ಲ.

ಕೊನೆಯ ವಾರ ಅವರು ಜಗುಲಿಯಿಂದ ಒಳಗೂ ಬರಲಿಲ್ಲ. ಅಲ್ಲೇ ಹಾಸಿಗೆ. ಗಂಡ ಕಡೂರಿನಿಂದ ಡಾಕ್ಟರನ್ನು ಕರೆತರಲು ಹೋಗಿದ್ದ. ಬೆಳಗಿನ ಹತ್ತು ಗಂಟೆಯ ಬಿಸಿಲು ಕಾಲಿನವರೆಗೆ ಬಂದಿತ್ತು. ಮನೆಯಲ್ಲಿ ನಾವಿಬ್ಬರೇ. ಇವತ್ತು ಹೇಳಿಬಿಡುತ್ತೇನೆ ಎಂದು ಗಟ್ಟಿ ಮನಸ್ಸು ಮಾಡಿ ಪಕ್ಕದಲ್ಲಿ ಕೂತೆ. "ಮಾವ" ಎಂದೆ.

ಕಣ್ಣು ಬಿಟ್ಟರು. "ನೀರು" ಎಂದರು.

ತಂಬಿಗೆ ತಂದೆ. ತಲೆಯ ಕೆಳಗೆ ಕೈ ಹಾಕಿ ಎತ್ತಲು ಹೋದೆ. ಅವರು ತಲೆ ಸರಿಸಿಕೊಂಡು, ಆಡಲಾರದ ದನಿಯಲ್ಲಿ, "ಮುಟ್ಟಿಸ್ಕಬೇಡ ಮಗಾ... ಮೇಲಿಂದ ಹುಯ್ಯಿ" ಎಂದರು.

ಬಾಯಿ ತೆರೆದು ಕಾಯುತ್ತಿದ್ದರು. ನಾನು ಮೇಲಿನಿಂದ ಹುಯ್ದೆ.